ಪ್ಲಗ್ ಬೇಕಿಲ್ಲದ ಮೂವರು

ವಯಲೆಂಟ್ ಫೆಮ್ಸ್ ತಂಡದ ಹಾಡು ಕೇಳಿದಾಗಲೆಲ್ಲ ಅನ್ನಿಸುತ್ತೆ: ಸಭೆಯನ್ನು ಕುಣಿಸೋಕೆ ದೊಡ್ಡ ಸ್ಪೀಕರ್ ಬೇಕು ಅನ್ನೋದು ಬರೀ ಭ್ರಮೆ.

ಶುರುವಿನಲ್ಲಿ ಇವರು ಅಮೆರಿಕದ ಮಿಲ್ವಾಕಿಯ ಮೂವರು. ಹಾಡು, ಗಿಟಾರ್ ಗಾರ್ಡನ್ ಗ್ಯಾನೊ. ಅಕೂಸ್ಟಿಕ್ ಬೇಸ್ ಬ್ರಯಾನ್ ರಿಚಿ. ತಾಳಕ್ಕೆ ವಿಕ್ಟರ್ ಡಿಲೊರೆಂಜೊ. ಡ್ರಮ್ಸ್ ಅಂದ್ರೆ ಪೂರ್ತಿ ಸೆಟ್ ಅಲ್ಲ: ಒಂದು ಸ್ನೇರ್, ಜತೆಗೆ ಟಾಮ್ ಡ್ರಮ್ ಮೇಲೆ ಬೋರಲು ಹಾಕಿದ ತಗಡಿನ ಬುಟ್ಟಿ. ಅದನ್ನೇ ನಿಂತುಕೊಂಡು ಬ್ರಷ್‌ನಲ್ಲಿ ಬಾರಿಸ್ತಿದ್ದರು. ಕರೆಂಟಿನ ಹಂಗಿರಲಿಲ್ಲ, ವೇದಿಕೆಯ ಬಾಡಿಗೆಯಿರಲಿಲ್ಲ. ಫುಟ್‌ಪಾತೇ ರಂಗ.

1981ರ ಆಗಸ್ಟ್‌ನಲ್ಲಿ ಊರಿನ ಓರಿಯೆಂಟಲ್ ಥಿಯೇಟರ್ ಮುಂದೆ ಹೀಗೇ ನುಡಿಸ್ತಿದ್ದಾಗ, ಆ ರಾತ್ರಿ ಒಳಗೆ ಕಾರ್ಯಕ್ರಮವಿದ್ದ ಪ್ರಿಟೆಂಡರ್ಸ್ ತಂಡದ ಗಿಟಾರಿಸ್ಟ್ ಜೇಮ್ಸ್ ಹನಿಮನ್-ಸ್ಕಾಟ್ ಕಿವಿಗೆ ಬಿತ್ತು. ಗಾಯಕಿ ಕ್ರಿಸ್ಸಿ ಹೈಂಡ್ ಅವತ್ತೇ ಇವರನ್ನು ಒಳಗೆ ಕರೆದು ಪುಟ್ಟದೊಂದು ಕಛೇರಿ ಮಾಡಿಸಿದರು. ಮೊದಲ ಆಲ್ಬಂ ಬಂದಿದ್ದು 1983ರಲ್ಲಿ. ಹಾಡುಗಳಲ್ಲಿ ಬಹುಪಾಲು ಗ್ಯಾನೊ ಹೈಸ್ಕೂಲಿನಲ್ಲಿದ್ದಾಗಲೇ ಬರೆದಿದ್ದು! ಆ ಆಲ್ಬಂ ಕೇಳುಗರಿಂದ ಕೇಳುಗರಿಗೆ ಹಬ್ಬುತ್ತಾ ಹೋಗಿ 1991ರಲ್ಲಿ ಮಾರಾಟದಲ್ಲಿ ಪ್ಲಾಟಿನಂ ಆಯ್ತು.

ಇದನ್ನು ಅದೃಷ್ಟ ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಟಿಕೆಟ್ ಕೊಂಡು ಕೂತವರು ಬೇಸರವಾದ್ರೂ ಕೂತಿರ್ತಾರೆ. ಬೀದಿಯಲ್ಲಿ ಹೋಗೋರು ಅರ್ಧ ನಿಮಿಷಕ್ಕೇ ತೀರ್ಪು ಕೊಟ್ಟು ನಡೀತಾರೆ. ಅಂಥವರನ್ನು ನಿಲ್ಲಿಸೋಕೆ ಕಲಿತವರಿಗೆ ಯಾವ ಸಭಾಂಗಣವೂ ಕಷ್ಟವಲ್ಲ.

ನಿಮ್ಮೂರಲ್ಲೂ ಯಾರಾದ್ರೂ ರಸ್ತೆ ಬದಿ ಗಿಟಾರ್ ಹಿಡಿದು ನಿಂತಿದ್ರೆ, ಒಂದು ಹಾಡು ಮುಗಿಯೋವರೆಗಾದ್ರೂ ನಿಂತು ಕೇಳಿ. ರೀಲ್ಸ್ ಆಮೇಲೆ ಮಾಡಬಹುದು.