ಇಳಿಯುವಾಗಿನ ನೋವು

ಜೂನ್ 12, 2024, ಬುಧವಾರ, ಮೈಸೂರು

ಮೂಳೆ ಡಾಕ್ಟರು ಎಕ್ಸ್-ರೇ ಬೆಳಕಿಗೆ ಹಿಡಿದು ತೋರಿಸಿದರು. ಬಲಮಂಡಿಯ ಒಳಬದಿಯಲ್ಲಿ ಎರಡು ಮೂಳೆಗಳ ನಡುವಿನ ಸಂದು ದಾರದಷ್ಟಾಗಿದೆ. ಸವೆತ, ಮೂರನೇ ಗ್ರೇಡು. ಇರುವುದೇ ನಾಲ್ಕು. ನನ್ನ ಮುಖ ನೋಡಿ, ಚಿತ್ರಕ್ಕೂ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ, ಇದಕ್ಕಿಂತ ಕೆಟ್ಟ ಫೋಟೋ ಇರುವವರು ಹೊಲದ ಕೆಲಸ ಮಾಡಿಕೊಂಡಿದ್ದಾರೆ ಅಂದರು. ಸಮಾಧಾನಕ್ಕೆ ಹೇಳಿದ್ದಲ್ಲ ಅನ್ನಿಸಿತು.

ನೋವಿನ ಮಾತ್ರೆ ದಿನಾ ನುಂಗುವ ಹಾಗಿಲ್ಲ. ಬಿ.ಪಿ. ಇದೆ, ಈ ಸಲದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಕೂಡ ಸ್ವಲ್ಪ ಮೇಲಿದೆ. ಆ ಮಾತ್ರೆಗಳು ಮೂತ್ರಪಿಂಡಕ್ಕೂ ಹೊಟ್ಟೆಗೂ ಪೆಟ್ಟು ಕೊಡುತ್ತವೆ, ಬಿ.ಪಿ.ಯನ್ನೂ ಏರಿಸುತ್ತವೆ. “ತಡೆಯೋಕಾಗದ ದಿನ ಪ್ಯಾರಾಸಿಟಮಾಲ್ ತಗೊಳ್ಳಿ. ಮಿಕ್ಕ ದಿನ ನಿಮ್ಮ ತೊಡೆ ಕೆಲಸ ಮಾಡಲಿ” ಅಂದರು. ಮನೆಗೆ ಬಂದರೆ ಇವರು, “ಓಡಾಡಬೇಡ ಕಣೇ, ಸುಮ್ನೆ ಕಾಲು ನೀಡಿಕೊಂಡು ಕೂತ್ಕೊ.” ಈ ಊರಲ್ಲಿ ಮಂಡಿನೋವು ಅಂದವರಿಗೆಲ್ಲ ಕೊಡುವ ಸಲಹೆ ಇದೇ. ಸುಮ್ಮನೆ ಕೂತವರ ತೊಡೆ ಸೊರಗುತ್ತೆ, ತೊಡೆ ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತೆ. ಇದನ್ನು ಯಾರೂ ಹೇಳುವುದಿಲ್ಲ.

ಜೂನ್ 15, ಶನಿವಾರ

ಫಿಸಿಯೋಥೆರಪಿ ಹುಡುಗಿ ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸಿನವಳು. ಟೀಚರಿಗೇ ಪಾಠ! ಟವೆಲು ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸೋದು. ಅಂಗಾತ ಮಲಗಿ, ಕಾಲು ಮಡಿಸದೆ ಗೇಣೆತ್ತರ ಎತ್ತಿ ನಿಲ್ಲಿಸೋದು. ಕುರ್ಚಿಯಿಂದ ಕೈ ಊರದೆ ಎದ್ದು, ಮತ್ತೆ ನಿಧಾನವಾಗಿ ಕೂರೋದು. ಕೂರುವಾಗ ನಾನು ದೊಪ್ಪನೆ ಬೀಳುತ್ತಿದ್ದೆ. “ಬೀಳಬೇಡಿ ಆಂಟಿ, ಇಳೀರಿ” ಅಂದಳು. ತೊಡೆಯ ಮುಂಭಾಗ ಗಡಗಡ ನಡುಗಿತು. ಮಂಡಿ ಅಷ್ಟೇನೂ ನೋಯಲಿಲ್ಲ.

ನೋವನ್ನು ಅಳೆಯೋದನ್ನೂ ಹೇಳಿಕೊಟ್ಟಳು. ಹತ್ತಕ್ಕೆ ನಾಲ್ಕೈದರೊಳಗೆ ಇದ್ದರೆ ಮುಂದುವರಿಸಬಹುದು. ಮಾರನೇ ದಿನ ಅದು ಮೊದಲಿದ್ದಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆಯದು ಜಾಸ್ತಿಯಾಯಿತು ಅಂತ, ಇವತ್ತು ಸ್ವಲ್ಪ ಕಡಿಮೆ ಮಾಡಬೇಕು, ಬಿಡಬಾರದು. ಕೀಲಿನ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲವಂತೆ. ಕಾಲೂರಿ ಎತ್ತುವಾಗ ಕೀಲಿನೊಳಗಿನ ದ್ರವ ಓಡಾಡಿದರಷ್ಟೇ ಅದಕ್ಕೆ ಊಟ.

ಜುಲೈ 6, ಶನಿವಾರ

ಆಷಾಢ ಶುರು. ಅಡುಗೆಮನೆ ತಿರುಗಾಮುರುಗಾ ಮಾಡಿದೆ. ಅಕ್ಕಿ ಡಬ್ಬ, ಬೇಳೆ ಡಬ್ಬ ಸೊಂಟದ ಮಟ್ಟಕ್ಕೆ ಬಂದವು. ಈಳಿಗೆಮಣೆ, ತುರಿಮಣೆ ಅಟ್ಟ ಸೇರಿದವು. ಕಾಯಿ ತುರಿಯೋಕೆ ಕಟ್ಟೆಗೆ ಕಚ್ಚಿಕೊಳ್ಳುವ ತಿರುಗಿಸೋ ಯಂತ್ರ ತಂದಿದ್ದಾರೆ. ತುರಿ ಒಂದೇ ಸಮ ಬರೋದಿಲ್ಲ, ಕರಟದ ಕಂದು ಚೂರೂ ಸೇರಿಕೊಳ್ಳುತ್ತೆ. ಚಟ್ನಿಯ ಬಣ್ಣ ನೋಡಿ ಇವರು ಬಾಯಿ ಬಿಡಲಿಲ್ಲ, ಪುಣ್ಯ.

ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕಿಲೋ ಭಾರ ಕಡಿಮೆ. ನಾನು 74 ಕಿಲೋ. ರಾತ್ರಿ ಅನ್ನ ಅರ್ಧ, ಪಲ್ಯ ಎರಡರಷ್ಟು. ಸಂಜೆ ಕೋಡುಬಳೆ ಡಬ್ಬದ ಮುಚ್ಚಳ ತೆಗೆಯುವ ಸದ್ದು ಕೇಳಿದರೆ ಮಾತ್ರ ಜೀವ ಚುರ್ ಅನ್ನುತ್ತೆ.

ಜುಲೈ 12, ಶುಕ್ರವಾರ

ಮೊದಲ ಆಷಾಢ ಶುಕ್ರವಾರ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲಿಲ್ಲ. ಮುಂಚೆಯೆಲ್ಲ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಿಕೊಂಡು ಹೋದವಳು. ಈ ಸಲ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಿಂದ ಬಸ್ಸು. ದರ್ಶನದ ಸಾಲಿನಲ್ಲಿ ಎಡಗೈಯಲ್ಲಿ ಕೋಲು. ನೋಯುವುದು ಬಲಗಾಲಾದ್ದರಿಂದ ಕೋಲು ಎಡಗೈಯಲ್ಲೇ ಇರಬೇಕು. ನೋಡಿದವರೆಲ್ಲ ತಿದ್ದಲು ಬಂದರು.

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯೋ ಕಾಲು ಮೊದಲು. ವಾಪಸು ಬಂದಾಗ ಬಸ್ಸಿನ ಫುಟ್‌ಬೋರ್ಡು ನೆಲದಿಂದ ಮೊಳದೆತ್ತರ. ಕಂಬಿ ಹಿಡಿದು, ಕೋಲು ಕೆಳಗೂರಿ, ಬಲಗಾಲು ಇಳಿಸಿ, ಎಡತೊಡೆಯ ಮೇಲೆ ಮೈಭಾರ ತಡೆದು ನಿಂತೆ. “ಬೇಗ ಇಳೀರಮ್ಮ!” ಅಂದ ಕಂಡಕ್ಟರು. “ಇಳೀತಾ ಇದ್ದೀನಪ್ಪ, ಬೀಳ್ತಾ ಇಲ್ಲ” ಅಂದೆ. ಹಿಂದಿದ್ದ ಹೆಂಗಸರು ನಕ್ಕರು.

ಜುಲೈ 23, ಮಂಗಳವಾರ

ನಿನ್ನೆ ನೆಂಟರು. ಇವತ್ತು ಮಂಡಿ ಊದಿ ಬಿಸಿಯಾಗಿದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆ. ಬಿಗಿತಕ್ಕೆ ಶಾಖ, ಊತಕ್ಕೆ ತಣ್ಣನೆಯದು. ರಾತ್ರಿ ಒಂದು ಪ್ಯಾರಾಸಿಟಮಾಲ್ ನುಂಗಿದೆ. ನಾನೇನು ವ್ರತ ಹಿಡಿದಿಲ್ಲ.

ಓರಗಿತ್ತಿ ಲಕ್ಕಿಸೊಪ್ಪು ಕಾಯಿಸಿದ ಎಣ್ಣೆ ಕಳಿಸಿದ್ದಾಳೆ. ಬೆಚ್ಚಗೆ ಮಾಡಿ ತಿಕ್ಕಿದರೆ ಹಾಯೆನಿಸುತ್ತೆ, ಅಷ್ಟಕ್ಕೆ ಅದಕ್ಕೆ ಗೌರವ. ಸವೆದದ್ದು ಮತ್ತೆ ಬೆಳೆಯುತ್ತೆ ಅಂತ ಡಬ್ಬಿ ಮಾರುವವರ ಮೇಲೆ ಮಾತ್ರ ನನಗೆ ಸಿಟ್ಟು.

ಆಗಸ್ಟ್ 5, ಸೋಮವಾರ

ದಾವಣಗೆರೆಯಿಂದ ತಂಗಿಯ ಫೋನು. “ಅಕ್ಕ, ನೀನು ಮಾತ್ರೆ ಇಲ್ಲದೆ ಸುಧಾರಿಸಿದೀಯಲ್ಲ, ನಾನೂ ನಿಲ್ಲಿಸ್ಬೇಕು ಅಂತಿದೀನಿ.” ಎದೆ ಧಸಕ್ಕೆಂದಿತು. ಅವಳದು ಆಮವಾತ, ರುಮಟಾಯ್ಡ್. ನನಗೆ ಬೆಳಿಗ್ಗೆ ಎದ್ದಾಗಿನ ಬಿಗಿತ ಕಾಫಿ ಸೋಸುವಷ್ಟರಲ್ಲಿ ಬಿಡುತ್ತೆ. ಅವಳಿಗೆ ಬೆರಳು ಮಡಚೋಕೆ ಒಂದು ಗಂಟೆಗೂ ಮೇಲೆ ಬೇಕು. ಎರಡೂ ಮಣಿಕಟ್ಟು ಒಟ್ಟಿಗೆ ಊದಿಕೊಳ್ಳುತ್ತೆ. ಅಲ್ಲಿ ಮೈಯ ಕಾವಲು ಪಡೆಯೇ ಕೀಲಿನ ಒಳಪೊರೆಯ ಮೇಲೆ ಬಿದ್ದಿದೆ. ತಡೆಯದಿದ್ದರೆ ಮೂಳೆಯನ್ನೇ ಕೊರೆದು ಬೆರಳು ಸೊಟ್ಟ ಮಾಡುತ್ತೆ, ಆಮೇಲೆ ಯಾವ ವ್ಯಾಯಾಮದಿಂದಲೂ ಅದು ನೆಟ್ಟಗಾಗುವುದಿಲ್ಲ. ವಾರಕ್ಕೊಮ್ಮೆ ನುಂಗುವ ಆ ಮೆಥೋಟ್ರೆಕ್ಸೇಟ್ ನೋವು ಮರೆಸುವ ಮಾತ್ರೆಯಲ್ಲ, ಕಾಯಿಲೆಯನ್ನೇ ಹಿಡಿದು ನಿಲ್ಲಿಸುವ ಮಾತ್ರೆ. ಚೆನ್ನಾಗಿ ಬೈದೆ. ಅತ್ತಳು. ಅವಳು ಸುಮ್ಮನಾಗುವವರೆಗೂ ಫೋನು ಇಡಲಿಲ್ಲ. ಹೊಟ್ಟೆ ತೊಳಸುತ್ತೆ ಅನ್ನೋದೇ ಅವಳ ನಿಜವಾದ ಕಷ್ಟ. ಅದನ್ನು ಡಾಕ್ಟರಿಗೆ ಇನ್ನೂ ಹೇಳೇ ಇಲ್ಲ!

ಸೆಪ್ಟೆಂಬರ್ 7, ಶನಿವಾರ

ಗಣೇಶನ ಹಬ್ಬ. ಪೂಜೆಗೆ ಇವರು ಮಣೆ ಮೇಲೆ, ನಾನು ಪಕ್ಕದಲ್ಲಿ ಕುರ್ಚಿ ಮೇಲೆ. ಪುರೋಹಿತರು ಒಂದು ಸಲ ನೋಡಿದರು. ಅವರೂ ಏಳುವಾಗ ಕಂಬ ಹಿಡಿದೇ ಎದ್ದರು. ತೂಕ 71. ಟೆರೇಸಿನಿಂದ ಒಣಗಿದ ಬಟ್ಟೆ ಹೊತ್ತು ಇಳಿಯುವಾಗ ಈಗಲೂ ನೋಯುತ್ತೆ. ಹತ್ತಕ್ಕೆ ಮೂರು.

ತಂಗಿ ಮಾತ್ರೆ ಬಿಟ್ಟಿಲ್ಲ. ತೊಳಸೋದಕ್ಕೆ ಡಾಕ್ಟರು ಬೇರೆ ವ್ಯವಸ್ಥೆ ಮಾಡಿದ್ದಾರಂತೆ.

ಸಂಜೆ ಎದುರುಮನೆ ಹುಡುಗ ಬಂದು, “ಟೀಚರ್, ಅಮ್ಮನಿಗೂ ಕೀಲುನೋವು. ನೀವು ಯಾವ ಎಣ್ಣೆ ಹಚ್ತೀರಾ?” ಅಂದ. ಬೆಳಿಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತೆ, ಬೆರಳು ಊದುತ್ತಾ, ಮೊದಲು ಕೇಳಿಕೊಂಡು ಬಾ ಅಂದೆ. ತಲೆ ಕೆರೆದುಕೊಂಡು ಹೋದ. ಪಾಪ, ಅವನಿಗೆ ಎಣ್ಣೆಯ ಹೆಸರು ಸಾಕಾಗಿತ್ತು.