ಜಮೈಕಾದ ಕಡಲದಂಡೆಯೂ ಬ್ಯಾಡಗಿಯ ಮೆಣಸಿನಕಾಯಿಯೂ

ಅಮೆರಿಕಾದಿಂದ ಮರಳಿದ ಮೇಲೆ "ಪ್ರವಾಸದ ಬಗ್ಗೆ ಬರೆಯಿರಿ ಸರ್" ಎಂದು ಕೇಳಿದ ಶಿಷ್ಯರೂ, "ಹಡಗಿನ ಫೋಟೋ ಎಲ್ಲಿ?" ಎಂದು ವಿಚಾರಿಸಿದ ಬಂಧುಗಳೂ ಹಲವರು. ಇಷ್ಟು ದಿನ ಬರೆಯದಿದ್ದುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಅಲ್ಲಿ ಕಳೆದ ಒಂದು ಹಗಲಿನ ವಿಷಯ ಬರೆಯಹೊರಟರೆ 1988ರ ಒಂದು ತರಗತಿಯ ವಿಷಯವನ್ನೂ ಬರೆಯಲೇಬೇಕಾಗುತ್ತಿತ್ತು. ಅದಕ್ಕೆ ಮನಸ್ಸು ಹಿಂಜರಿಯುತ್ತಿತ್ತು.

2024ರ ಫೆಬ್ರುವರಿಯಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ನಾನೂ ನನ್ನ ಶ್ರೀಮತಿಯೂ ಫ್ಲಾರಿಡಾದಿಂದ ಹೊರಟ ಪ್ರವಾಸಿ ಹಡಗಿನಲ್ಲಿ ಕೆರಿಬಿಯನ್ ಸಮುದ್ರಕ್ಕೆ ಹೋಗಿದ್ದೆವು. ಹಡಗಿನ ವೈಭವವನ್ನು ವರ್ಣಿಸುವುದಿಲ್ಲ. ಹತ್ತಾರು ಅಂತಸ್ತಿನ ಕಲ್ಯಾಣಮಂಟಪವೊಂದು ನೀರಿನ ಮೇಲೆ ತೇಲುತ್ತಿದೆಯೆಂದು ಭಾವಿಸಿಕೊಂಡರೆ ಸಾಕು. ಸಸ್ಯಾಹಾರಕ್ಕೆ ಕೊರತೆಯಿರಲಿಲ್ಲ, ಆದರೆ ಎಲ್ಲವೂ ಸಪ್ಪೆ. ಶ್ರೀಮತಿ ರಾಣೆಬೆನ್ನೂರಿನಿಂದ ಕಟ್ಟಿಕೊಂಡು ಬಂದಿದ್ದ ಶೇಂಗಾ ಚಟ್ನಿಪುಡಿ ಮೂರನೆಯ ದಿನಕ್ಕೆ ಅರ್ಧವಾಗಿತ್ತು.

ಆ ದಿನ ಬೆಳಿಗ್ಗೆ ಹಡಗು ಜಮೈಕಾದ ಉತ್ತರ ತೀರದ ಫಾಲ್ಮತ್ ಬಂದರಿನಲ್ಲಿ ನಿಂತಿತು. ಸಂಜೆ ನಾಲ್ಕೂವರೆಯೊಳಗೆ ಹಿಂದಿರುಗಬೇಕು, ತಡಮಾಡಿದವರಿಗಾಗಿ ಹಡಗು ಕಾಯುವುದಿಲ್ಲವೆಂದು ಮೊದಲೇ ಎಚ್ಚರಿಸಿದ್ದರು. (ಶಾಲೆಯ ಪ್ರವಾಸಗಳಲ್ಲಿ ನಾನು ನಿಮಗೆಲ್ಲ ಹೀಗೆಯೇ ಹೆದರಿಸುತ್ತಿದ್ದೆ. ಬಸ್ಸು ಮಾತ್ರ ಪ್ರತಿ ಸಲವೂ ಕಾಯುತ್ತಿತ್ತು!) ಹದಿನೆಂಟನೆಯ ಶತಮಾನದಲ್ಲಿ ಫಾಲ್ಮತ್ತಿನಿಂದ ಸಕ್ಕರೆ ತುಂಬಿದ ಹಡಗುಗಳು ಇಂಗ್ಲೆಂಡಿಗೆ ಹೋಗುತ್ತಿದ್ದವು. ಆ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1838ರಲ್ಲಿ ಅವರಿಗೆ ಪೂರ್ಣ ಬಿಡುಗಡೆಯಾದ ಏಳೇ ವರ್ಷಗಳಲ್ಲಿ, 1845ರ ಮೇ 10ರಂದು, ದ್ವೀಪದ ದಕ್ಷಿಣ ತೀರಕ್ಕೆ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗು ನಮ್ಮ ದೇಶದಿಂದಲೇ ಬಂದಿಳಿಯಿತು. ಇವೆಲ್ಲವನ್ನೂ ಮೊಮ್ಮಗಳಿಗೆ ಹೇಳಲಾರಂಭಿಸಿದಾಗ ಅವಳು, "ಅಜ್ಜಾ, ಇವತ್ತು ಸಂಡೇನೂ ಕ್ಲಾಸ್ ಇದೆಯಾ?" ಎಂದಳು. ಸುಮ್ಮನಾದೆ.

ಅಲ್ಲಿಂದ ವ್ಯಾನಿನಲ್ಲಿ ಸುಮಾರು 35 ಕಿ.ಮೀ. ದೂರದ ಮಾಂಟೆಗೊ ಬೇ ನಗರಕ್ಕೆ ಹೋದೆವು. ಅಲ್ಲಿನ ಪ್ರಸಿದ್ಧ ಕಡಲದಂಡೆಯ ಹೆಸರು 'ಡಾಕ್ಟರ್ಸ್ ಕೇವ್', ಅಂದರೆ ವೈದ್ಯನ ಗುಹೆ. ಮೆಕ್ಕಾಟಿ ಎಂಬ ವೈದ್ಯರು 1906ರಲ್ಲಿ ತಮ್ಮ ಆಸ್ತಿಯಾಗಿದ್ದ ಈ ದಂಡೆಯನ್ನು ಸ್ನಾನದ ಕ್ಲಬ್ಬೊಂದಕ್ಕೆ ದಾನವಾಗಿ ಕೊಟ್ಟರಂತೆ. ಆಗ ಜನರು ಗುಹೆಯೊಂದರ ಮೂಲಕ ನುಸುಳಿ ನೀರಿಗಿಳಿಯುತ್ತಿದ್ದರು. 1932ರ ಚಂಡಮಾರುತದಲ್ಲಿ ಆ ಗುಹೆ ನಾಶವಾಯಿತು, ಹೆಸರು ಮಾತ್ರ ಉಳಿಯಿತು. ಒಳಗೆ ಹೋಗಲು ಟಿಕೆಟ್ಟು ತೆಗೆಸಬೇಕು. ಸಮುದ್ರಕ್ಕೂ ಟಿಕೆಟ್ಟೇ ಎಂದು ಶ್ರೀಮತಿ ಬೆರಗಾದಳು. ಕಡಲದಂಡೆಗೆ ಹೋಗುವ ಹಕ್ಕು ತಮಗೇ ಇಲ್ಲವಾಗುತ್ತಿದೆಯೆಂಬುದು ಜಮೈಕಾದ ಜನರ ಹಳೆಯ ದೂರು. ಅಲ್ಲಿನ 1956ರ ಕಾಯಿದೆ ಜನಸಾಮಾನ್ಯರಿಗೆ ಅಂಥ ಹಕ್ಕನ್ನು ಕೊಟ್ಟಿಲ್ಲ.

ಬಯಲುಸೀಮೆಯವರಾದ ನಮಗೆ ಸಮುದ್ರವೆಂದರೆ ಗೋಕರ್ಣ, ಕಾರವಾರ. ಸದಾ ಮೊರೆಯುವ, ಕಾಲ ಕೆಳಗಿನ ಮರಳನ್ನು ಸೆಳೆದೊಯ್ಯುವ ಆ ಕಡಲನ್ನು ಕಂಡವರಿಗೆ ಇದು ಸಮುದ್ರವೆಂದು ನಂಬುವುದೇ ಕಷ್ಟ. ಮರಳು ಜೋಳದ ಹಿಟ್ಟಿನಂತೆ ಬಿಳುಪು. ನೀರು ದಂಡೆಯ ಬಳಿ ಗಾಜಿನಂತೆ ತಿಳಿ, ಸ್ವಲ್ಪ ಮುಂದೆ ತಿಳಿಹಸಿರು, ಅದರಾಚೆ ನವಿಲುಗರಿಯ ನೀಲಿ. ಅಲೆಗಳಿಗೆ ಸದ್ದೇ ಇಲ್ಲ. ಮಂಡಿನೋವಿನ ಶ್ರೀಮತಿ ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಮೊಮ್ಮಗಳ ಕೈಹಿಡಿದು ಸೊಂಟದವರೆಗಿನ ನೀರಿನಲ್ಲಿ ಒಂದು ತಾಸು ನಿಂತಳು. "ನೋವು ಎಲ್ಲಿ ಹೋತೋ ಗೊತ್ತಿಲ್ಲರೀ" ಎಂದು ಅಲ್ಲಿಂದಲೇ ಕೂಗಿದಳು. ಸುತ್ತಲಿನ ಬಿಳಿಯರೆಲ್ಲ ಸೀರೆಯನ್ನು ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ನಾನು ಛತ್ರಿಯ ನೆರಳಿನಲ್ಲಿ ಕುಳಿತೆ. ಪಾಠ ಮಾಡುತ್ತಿದ್ದ ದಿನಗಳಲ್ಲಿ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದ ಒಂದು ಚುಕ್ಕೆಯಾಗಿದ್ದ ದ್ವೀಪ ಇದು. ಇದೇ ಉತ್ತರ ತೀರದಲ್ಲಿ, ಇಲ್ಲಿಂದ ಪೂರ್ವಕ್ಕೆ, ಕೊಲಂಬಸ್ಸನು ಹುಳು ತಿಂದ ಹಡಗುಗಳೊಡನೆ 1503ರಿಂದ ಒಂದು ವರ್ಷ ಸಿಕ್ಕಿಬಿದ್ದಿದ್ದ. ಸ್ಥಳೀಯರು ಆಹಾರ ಕೊಡುವುದನ್ನು ನಿಲ್ಲಿಸಿದಾಗ, ಪಂಚಾಂಗದಲ್ಲಿ ಗ್ರಹಣದ ದಿನವನ್ನು ಕಂಡುಕೊಂಡು, "ನನ್ನ ದೇವರು ಕೋಪಗೊಂಡು ಚಂದ್ರನನ್ನು ಕಸಿದುಕೊಳ್ಳುತ್ತಾನೆ" ಎಂದು ಬೆದರಿಸಿದ. 1504ರ ಫೆಬ್ರುವರಿ 29ರಂದು ಚಂದ್ರ ಕೆಂಪಾದಾಗ ಆ ಜನ ಅಳುತ್ತ ಆಹಾರ ಹೊತ್ತು ತಂದರು. ಈ ಕಥೆಯನ್ನು ನಾನು ಅಭಿನಯಸಹಿತ ಹೇಳುತ್ತಿದ್ದುದೂ, ನೀವು ಚಪ್ಪಾಳೆ ತಟ್ಟುತ್ತಿದ್ದುದೂ ನಿಮಗೆ ನೆನಪಿರಬಹುದು. ಆ ಟೈನೊ ಜನಾಂಗ ಕೆಲವೇ ದಶಕಗಳಲ್ಲಿ ರೋಗಕ್ಕೂ ದುಡಿಮೆಗೂ ಬಲಿಯಾಗಿ ಬಹುತೇಕ ಅಳಿದುಹೋಯಿತೆಂಬುದನ್ನು ಮಾತ್ರ ನಾನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ.

ಮರಳುವ ದಾರಿಯಲ್ಲಿ ಚಾಲಕನು ರಸ್ತೆಬದಿಯ ಅಂಗಡಿಯೊಂದರ ಮುಂದೆ ಎಳನೀರಿಗೆಂದು ವ್ಯಾನು ನಿಲ್ಲಿಸಿದ. ನಾಲ್ಕು ಕಂಬ, ಮೇಲೊಂದು ತಗಡು. ಅರುವತ್ತರ ಆಸುಪಾಸಿನ ಹೆಂಗಸು ಕುಳಿತಿದ್ದಳು. ಬಾಳೆ, ಗೆಣಸು, ನಮ್ಮ ದಂಟಿನ ಸೊಪ್ಪನ್ನೇ ಹೋಲುವ ಒಂದು ಸೊಪ್ಪು. ಪಕ್ಕದ ಬುಟ್ಟಿಯಲ್ಲಿ ಹಳದಿ, ಕೆಂಪು ಬಣ್ಣದ, ಮಡಿಕೆ ಬಿದ್ದ ಟೊಪ್ಪಿಗೆಯಂಥ ಪುಟ್ಟ ಕಾಯಿಗಳು. ದೊಣ್ಣೆಮೆಣಸಿನಕಾಯಿಯ ಮರಿಗಳಿರಬಹುದೆಂದುಕೊಂಡು ಹೆಸರೇನೆಂದು ಕೇಳಿದೆ. "ಪೆಪ್ಪರ್" ಎಂದಳು. 'ಸ್ಕಾಚ್ ಬಾನೆಟ್' ಎಂದು ಮಗ ವಿವರಿಸಿ, "ಅಪ್ಪಾ, ಮುಟ್ಟಬೇಡಿ" ಎಂದ. ಬ್ಯಾಡಗಿ ಸೀಮೆಯವನಿಗೆ ಹೇಳುವ ಮಾತೇ ಅದು? ಒಂದು ಕಾಯಿ ತೆಗೆದುಕೊಂಡು ಕಚ್ಚಿದೆ.

ಮುಂದಿನದನ್ನು ಬರೆಯುವುದಕ್ಕೆ ಸಂಕೋಚವಾಗುತ್ತದೆ. ಕಣ್ಣು, ಮೂಗು, ಕಿವಿ ಎಲ್ಲವೂ ಹರಿಯಲಾರಂಭಿಸಿದವು. ನಮ್ಮ ಬ್ಯಾಡಗಿಯ ಕಾಯಿಗೆ ಹೆಸರು ಬಂದದ್ದು ಬಣ್ಣದಿಂದ, ಖಾರ ಅದರಲ್ಲಿ ಹದವಾದದ್ದು ಎಂಬುದು ಆ ಗಳಿಗೆಯಲ್ಲಿ ನೆನಪಾಗಿ ಪ್ರಯೋಜನವಿರಲಿಲ್ಲ. ಅಂಗಡಿಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಾಲಕ ನಕ್ಕ, ಮೊಮ್ಮಗಳು ನಕ್ಕಳು, ಶ್ರೀಮತಿಯೂ ನಕ್ಕಳು. ಆಮೇಲೆ ಆ ಹೆಂಗಸೇ ಎದ್ದು ಬಂದು ಎಳೆಯ ಕೊಬ್ಬರಿಯನ್ನು ಕೆರೆದು ಕೈಯಲ್ಲಿಟ್ಟಳು. ದುಡ್ಡು ಕೊಡಹೋದರೆ ಬೇಡವೆಂದಳು.

ವ್ಯಾನಿನಲ್ಲಿ ಕುಳಿತಾಗ ನಾಲಿಗೆಗಿಂತ ಹೆಚ್ಚಾಗಿ ಉರಿದದ್ದು ಆ 1988ರ ನೆನಪು. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ. ಬ್ಯಾಡಗಿ ತಾಲೂಕಿನ ಹಳ್ಳಿಯೊಂದರಲ್ಲಿ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತ, ಕೊಲಂಬಸ್ಸನು ಅರಸಿ ಹೊರಟದ್ದು ನಮ್ಮ ನಾಡಿನ ಮೆಣಸಿನಕಾಯಿಯನ್ನೇ ಎಂದು ಅಭಿಮಾನದಿಂದ ಸಾರಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. "ಸರ, ಮೆಣಸಿನಕಾಯಿ ಮೊದಲ ನಮ್ಮ ದೇಶದಾಗ ಇದ್ದಿದ್ದಿಲ್ಲಂತ್ರೀ. ಅಮೆರಿಕಾದಿಂದ ಬಂದೈತಂತ. ಧಾರವಾಡದ ಕೃಷಿ ಕಾಲೇಜಿನ್ಯಾಗ ನಮ್ಮ ಕಾಕಾಗ ಹೇಳ್ಯಾರ."

"ಹೌದೇನಪಾ? ಹಂಗಾರ ನಿಮ್ಮ ಹೊಲಾ ಅಮೆರಿಕಾದಾಗ ಐತೇನು?" ಎಂದೆ. ತರಗತಿ ಗೊಳ್ಳೆಂದಿತು. ಅಷ್ಟಕ್ಕೇ ಬಿಡದೆ ಗಂಟೆ ಬಾರಿಸುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದೆ. ಅಂದಿನಿಂದ ಅವನ ಅಡ್ಡಹೆಸರು 'ಅಮೆರಿಕಾ' ಎಂದೇ ಆಯಿತು.

ಅವನು ಹೇಳಿದ್ದೇ ಸರಿಯಾಗಿತ್ತು. ಕೊಲಂಬಸ್ಸನು ಹುಡುಕಿದ್ದು ಕಾಳುಮೆಣಸನ್ನು. ಸಿಕ್ಕಿದ್ದು ಈ ದ್ವೀಪಗಳ ಜನರು 'ಅಹಿ' ಎಂದು ಕರೆಯುತ್ತಿದ್ದ ಖಾರದ ಕಾಯಿ. (ಸಂಸ್ಕೃತದಲ್ಲಿ ಅಹಿಯೆಂದರೆ ಹಾವು, ಎರಡೂ ಕಚ್ಚುವಂಥವೇ.) 1493ರ ಜನವರಿಯಲ್ಲೇ ಅವನು ಅದನ್ನು ತನ್ನ ದಿನಚರಿಯಲ್ಲಿ ಗುರುತಿಸಿ, ಅದೂ ಮೆಣಸೇ ಎಂದು ಬರೆದುಕೊಂಡ. ನಮ್ಮ ಬ್ಯಾಡಗಿಯ ಕಾಯಿ ಅದರದೇ ಕುಲದ ಇನ್ನೊಂದು ಜಾತಿಯದು, ಮೂಲ ಮೆಕ್ಸಿಕೋ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದಿಳಿಸಿದ ಈ ಹೊಸಬನಿಗೆ ನಮ್ಮ ಹಿರಿಯರೂ ಹಳೆಯ ಮೆಣಸಿನ ಹೆಸರನ್ನೇ ಹಚ್ಚಿ 'ಮೆಣಸಿನಕಾಯಿ' ಎಂದರು. ಕನ್ನಡದ ಪದವೇ ಸಾಕ್ಷಿ ಹೇಳುತ್ತಿತ್ತು. ಪ್ರತಿದಿನ ಅದನ್ನು ಉಚ್ಚರಿಸುತ್ತಿದ್ದ ಮೇಷ್ಟರಿಗೆ ಕೇಳಿಸಿರಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಎರಡು ವರ್ಷಗಳ ಮೇಲೆ, ಗ್ರಂಥಾಲಯದ ಪುಸ್ತಕವೊಂದರಿಂದ. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ. ಮುಂದಿನ ತಂಡಕ್ಕೆ ಪಾಠವನ್ನು ತಿದ್ದಿ ಹೇಳಿದೆ. ಬಸ್ ನಿಲ್ದಾಣದಲ್ಲಿ, ಮದುವೆಗಳಲ್ಲಿ ಹತ್ತಾರು ಸಲ ಅವನು ಎದುರಾಗಿ ಕೈಮುಗಿದರೂ ಅವನಿಗೆ ಮಾತ್ರ ಏನನ್ನೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ, ಏಪ್ರಿಲ್ ತಿಂಗಳಲ್ಲಿ, ಬ್ಯಾಡಗಿ ಮಾರುಕಟ್ಟೆಗೆ ಹೋದೆ. ದರ ಕುಸಿದು ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿಯಿಟ್ಟ ಮಾರ್ಚ್ 11ರ ಘಟನೆ ನಡೆದು ತಿಂಗಳಾಗಿತ್ತಷ್ಟೆ. ಘಾಟಿಗೆ ಕೆಮ್ಮುತ್ತ ಅಂಗಡಿಯಿಂದ ಅಂಗಡಿಗೆ ಅಲೆದು, ಚೀಲಗಳ ಮೇಲೆ ಕುಳಿತಿದ್ದ ಅವನನ್ನು ಹುಡುಕಿದೆ. ಐವತ್ತು ದಾಟಿದ, ಗಡ್ಡ ನೆರೆತ ರೈತ. ಬೆಂಚಿನ ಮೇಲೆ ನಿಲ್ಲಿಸಿದ್ದನ್ನು ನೆನಪಿಸಿ, "ತಪ್ಪು ನಂದಪಾ, ನೀ ಹೇಳಿದ್ದ ಖರೆ ಇತ್ತು" ಎಂದೆ. ಅವನು ಸ್ವಲ್ಪ ಹೊತ್ತು ಚೀಲದ ಬಾಯಿಯ ಸುತಳಿಯನ್ನು ತಿರುವುತ್ತ ಕುಳಿತ.

"ನನಗ ಅವತ್ತ ಗೊತ್ತಿತ್ತಲ್ರೀ ಸರ" ಎಂದ.

ಮತ್ತೆ ತಾನೇ ಚಹಾ ತರಿಸಿ, "ಅಲ್ಲೆ ದರಾ ಹೆಂಗೈತ್ರೀ?" ಎಂದು ಕೇಳಿದ. ನಾನು ವಿಚಾರಿಸಿರಲಿಲ್ಲ. ಕೊಬ್ಬರಿ ಕೊಟ್ಟ ಹೆಂಗಸಿನ ಕಥೆ ಹೇಳಿದೆ. ಕಾಯಿ ಕಚ್ಚಿದ್ದನ್ನು ಕೇಳಿ, ಮೊದಲು ತಡೆದುಕೊಂಡು, ಆಮೇಲೆ ಮನಸಾರೆ ನಕ್ಕ.

2025ರ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತ ಜಮೈಕಾದ ಪಶ್ಚಿಮ ಭಾಗವನ್ನು ಅಪ್ಪಳಿಸಿತು. ಮರುದಿನ ರಾತ್ರಿ ಟಿ.ವಿ.ಯಲ್ಲಿ ಹಾರಿಹೋದ ತಗಡುಗಳನ್ನು ನೋಡುತ್ತ ಕುಳಿತಿದ್ದಾಗ ಅವನ ಫೋನು ಬಂತು.

"ಸರ, ಆ ಮೆಣಸಿನಕಾಯಿ ಮಾರಾಕಿ ಹೆಣ್ಮಗಳು ಆರಾಮ ಅದಾಳೇನ್ರೀ?"

ನಾನು ಆಕೆಯ ಹೆಸರನ್ನೂ ಕೇಳಿಕೊಂಡು ಬಂದಿರಲಿಲ್ಲ.