ಸಾಂತಾ ಫೆಯ ಬೊಂಬೆಲೋಕ

ಆಲ್ಬುಕರ್ಕಿಯಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಕುರುಚಲು ಗಿಡಗಳ ಬಯಲು ದಾಟಿ ಏಳು ಸಾವಿರ ಅಡಿ ಎತ್ತರದ ಸಾಂತಾ ಫೆ ಸೇರಿದರೆ ಎಲ್ಲೆಲ್ಲೂ ಮಣ್ಣಿನ ಬಣ್ಣದ ಮನೆಗಳು. ನ್ಯೂ ಮೆಕ್ಸಿಕೋದ ಈ ಊರಿಗೆ ನನ್ನನ್ನು ಎಳೆದು ತಂದದ್ದು ಇಲ್ಲಿನ ಅಂತರರಾಷ್ಟ್ರೀಯ ಜಾನಪದ ಕಲಾ ಸಂಗ್ರಹಾಲಯ.

ಫ್ಲಾರೆನ್ಸ್ ಡಿಬೆಲ್ ಬಾರ್ಟ್ಲೆಟ್ ಕಟ್ಟಿದ ಸಂಗ್ರಹಾಲಯವಿದು, 1953ರಲ್ಲಿ ತೆರೆಯಿತು. ವಾಸ್ತುಶಿಲ್ಪಿ, ಜವಳಿ ವಿನ್ಯಾಸಕಾರ ಅಲೆಕ್ಸಾಂಡರ್ ಜಿರಾರ್ಡ್ ಈ ಊರಿಗೆ ಬಂದು ನೆಲೆಸಿದ್ದೂ ಅದೇ ವರ್ಷ. ಅವರೂ ಪತ್ನಿ ಸೂಸನ್ನರೂ ದೇಶದೇಶಗಳಿಂದ ಕೂಡಿಟ್ಟ ಒಂದು ಲಕ್ಷಕ್ಕೂ ಮಿಕ್ಕ ವಸ್ತುಗಳನ್ನು 1978ರಲ್ಲಿ ಇದಕ್ಕೇ ಕೊಟ್ಟುಬಿಟ್ಟರು. ಅದರಲ್ಲಿ ಸುಮಾರು ಹತ್ತು ಸಾವಿರವನ್ನು ಜಿರಾರ್ಡ್ ತಾವೇ ಜೋಡಿಸಿದರು. 1982ರಿಂದ ಅದು ಹಾಗೇ ಇದೆ.

ಒಳಗೆ ಕಾಲಿಟ್ಟರೆ ನಮ್ಮ ದಸರಾ ಬೊಂಬೆ ಕೂರಿಸಿದ ಮನೆಯ ಸಡಗರ. ಮಣ್ಣಿನ ಪುಟ್ಟ ಜನ ಸಂತೆ ನೆರೆದಿದ್ದಾರೆ, ಮೆರವಣಿಗೆ ಹೊರಟಿದ್ದಾರೆ. ಪಕ್ಕದಲ್ಲಿ ವಿವರದ ಫಲಕಗಳಿಲ್ಲ. ತಿಳಿಯಬೇಕೆನ್ನುವವರಿಗೆ ಕೈಪಿಡಿ ಉಂಟು. ನಾನು ಅದನ್ನು ಮಡಚಿಟ್ಟು ಬರಿಗಣ್ಣಿಂದಲೇ ನೋಡುತ್ತಾ ಹೋದೆ.

ಪೆರುವಿನ ಕಿನುವಾ ಊರಿನ ಮಣ್ಣಿನ ಚರ್ಚುಗಳ ಮುಂದೆ ಬಹಳ ಹೊತ್ತು ನಿಂತೆ. ಮಾಸಲು ಬಿಳುಪಿನ ಮೈಮೇಲೆ ಕೆಂಗಂದು ಬಣ್ಣದ ಚಿತ್ತಾರ, ಕೊಂಚ ವಾಲಿದ ಜೋಡಿ ಗೋಪುರ. ಹೊಸ ಮನೆ ಕಟ್ಟಿದವರು ಮನೆಮಂದಿಯ ರಕ್ಷೆಗೆಂದು ಇದನ್ನು ಸೂರಿನ ಮೇಲೆ ಕೂರಿಸುತ್ತಾರೆ. ಮೆಕ್ಸಿಕೋದವರ ಹರಕೆ ಕಾಣಿಕೆಗಳನ್ನೂ ಕಂಡೆ: ಉಗುರಿನಷ್ಟೇ ಅಗಲದ ಲೋಹದ ಕಣ್ಣು, ಕಾಲು, ಹೃದಯ. ಕಣ್ಣುಬೇನೆ ವಾಸಿಯಾದರೆ ಬೆಳ್ಳಿ ಕಣ್ಣು ಒಪ್ಪಿಸುತ್ತೇನೆಂದು ಹರಕೆ ಹೊರುವವರು ನಮ್ಮಲ್ಲೂ ಇದ್ದಾರಲ್ಲ! ಸಾಗರದಾಚೆಯ ಯಾವುದೋ ತಾಯಿಯ ಸಂಕಟ ನನಗೆ ತಟ್ಟನೆ ಅರ್ಥವಾಯಿತು.

ಹಳೆಯದಕ್ಕೆ ಬೆಲೆ ಕಟ್ಟಿ ಬೀರುವಿನಲ್ಲಿ ಬೀಗ ಹಾಕಿಡುವ ಸಂಗ್ರಾಹಕರು ಬಹಳ. ಜಿರಾರ್ಡ್ ದಂಪತಿಗಳದು ಬೇರೆ ದಾರಿ. ಮಕ್ಕಳ ಆಟಿಕೆಯನ್ನೂ ದೇವರ ಮೂರ್ತಿಯಷ್ಟೇ ಅಕ್ಕರೆಯಿಂದ ಎತ್ತಿಕೊಂಡರು, ದೇಶದ ಗಡಿ ಎಣಿಸದೆ ಪಕ್ಕಪಕ್ಕ ಇಟ್ಟರು, ಕೊನೆಗೆ ಎಲ್ಲರ ಪಾಲಿಗೆ ಬಿಟ್ಟರು. ಸಂಗ್ರಹಕ್ಕೆ ಸಾರ್ಥಕತೆ ಬರುವುದು ಹೀಗೆ.

ಅಲ್ಲಿರುವ ಎಷ್ಟೋ ವಸ್ತುಗಳು ಒಂದು ಕಾಲಕ್ಕೆ ಸಂತೆಯಲ್ಲಿ ಬಿಡಿಗಾಸಿಗೆ ಮಾರಿದ ಸರಕು. ನಮ್ಮ ಜಾತ್ರೆಗಳಲ್ಲಿ ಇಂದಿಗೂ ಮಣ್ಣಿನ, ಮರದ ಬೊಂಬೆ ಹರಡಿಕೊಂಡು ಕೂತವರಿದ್ದಾರೆ. ಅವು ಹಳತಾಗುವವರೆಗೆ ಕಾಯುವುದೇಕೆ? ಮಾಡುವ ಕೈ ಇರುವಾಗಲೇ ಕೊಳ್ಳೋಣ, ಮಾಡಿದವರ ಹೆಸರು, ಊರು ಕೇಳಿ ಬರೆದಿಡೋಣ.